ಲೆವೆಲ್ ಏರಿಸುವುದು ಹೇಗೆ: ವೀರಗಲ್ಲು ನೋಡಿ ಕಲಿತದ್ದು

ಹನುಮಂತನಗರದಲ್ಲಿ ನಮ್ಮ ಮನೆಯ ಮಹಡಿ ಮೇಲೆ ತಿಂಗಳಿಗೆ ಎರಡು ಭಾನುವಾರ ಐದು ಜನ ಬಂದು ಕೂರುತ್ತಾರೆ. ಊಟ ಮುಗಿಸಿ ಎರಡು ಗಂಟೆಗೆ ಶುರು, ದೀಪ ಹಚ್ಚುವ ಹೊತ್ತಿಗೆ ಮುಗಿಸಬೇಕು ಅನ್ನುವುದು ಅಮ್ಮನ ಕರಾರು. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್, 2014ರಲ್ಲಿ ಬಂದ ಐದನೇ ಆವೃತ್ತಿ: ದಾಳ ಉರುಳಿಸುತ್ತಾ ಎಲ್ಲರೂ ಕೂಡಿ ಬಾಯಲ್ಲೇ ಕಥೆ ಕಟ್ಟುವ ಆಟ. ನಾನು ಡಿಎಂ, ಅಂದರೆ ಊರು, ಶತ್ರು, ಮಳೆ, ಮಾರುಕಟ್ಟೆ ಎಲ್ಲವನ್ನೂ ಹೇಳುವವಳು. ಉಳಿದ ಐವರಿಗೆ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ನೆಲದ ಮೇಲೆ ಚೌಕಳಿ ಹಾಳೆ, ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸರ ಜಾಗದಲ್ಲಿ ಗಾಂಧಿಬಜಾರಿನ ಕಾಂಗ್ರೆಸ್ ಕಡಲೆಕಾಯಿ ಬೀಜ. ಯಾರು ಕೊಂದರೋ ಅವರು ಅದನ್ನು ತಿನ್ನಬಹುದು.

ನಾನು ಹೊಟ್ಟೆಪಾಡಿಗೆ ಲೆಕ್ಕಪತ್ರ ಬರೆಯುವವಳು. ಹಾಗಾಗಿ ಮೊದಮೊದಲು ಎಕ್ಸ್‌ಪಿಯನ್ನೂ, ಅಂದರೆ ಪಾತ್ರ ಗಳಿಸುವ ಅನುಭವದ ಅಂಕವನ್ನೂ, ಖಾತೆ ಪುಸ್ತಕದ ಹಾಗೇ ಇಟ್ಟಿದ್ದೆ. ಸಾಕಷ್ಟು ಅಂಕ ಸೇರಿದರೆ ಪಾತ್ರ ಒಂದು ಲೆವೆಲ್, ಅಂದರೆ ಒಂದು ಮೆಟ್ಟಿಲು, ಮೇಲೇರಿ ಹೊಸ ಶಕ್ತಿ ಪಡೆಯುತ್ತದೆ. ಗಾಬ್ಲಿನ್‌ಗೆ 50, ಕಾವಲುಗಾರನಿಗೆ 25, ಒಟ್ಟನ್ನು ಐದರಿಂದ ಭಾಗಿಸಿ ಪ್ರತಿಯೊಬ್ಬರ ಹೆಸರಿಗೆ ಜಮಾ. ಮೂರನೇ ಸೆಷನ್‌ನಲ್ಲಿ ಊರಿನ ಬಾವಿಗೆ ಬೀಗ ಹಾಕಿ ನೀರು ಮಾರುತ್ತಿದ್ದ ಒಬ್ಬ ಸಾಹುಕಾರನ ಮನೆಗೆ ಪಾರ್ಟಿ, ಅಂದರೆ ಐದು ಪಾತ್ರಗಳ ತಂಡ, ನುಗ್ಗಿತು. ಬಾಗಿಲಲ್ಲಿದ್ದ ಕಾವಲುಗಾರ ಕತ್ತಿ ಕೆಳಗಿಟ್ಟು ಕೈ ಮುಗಿದ. ಆಗ ನನ್ನ ತಮ್ಮ, ಭೈರ ಅನ್ನುವ ಫೈಟರ್ (ಕಾದಾಳು) ಪಾತ್ರ ಆಡುವವನು, ಮೆಲ್ಲಗೆ ಕೇಳಿದ: "ಅಕ್ಕ, ಇವನನ್ನ ಬಿಟ್ಟು ಕಳಿಸಿದ್ರೆ ಆ ಇಪ್ಪತ್ತೈದು ಹೋಗುತ್ತಾ?"

ತಮ್ಮ ಕಟುಕನಲ್ಲ. ಬೀದಿನಾಯಿಗೆ ಬಿಸ್ಕತ್ತು ಹಾಕದೆ ಮನೆಯೊಳಗೆ ಬರುವವನಲ್ಲ. ಆ ಪ್ರಶ್ನೆ ಅವನ ಬಾಯಿಗೆ ಬಂದದ್ದು ನನ್ನ ಖಾತೆ ಪುಸ್ತಕದಿಂದ. ಆಟದ ಪುಸ್ತಕ ಹೇಳುವುದು ಶತ್ರುವನ್ನು ಸೋಲಿಸಿದರೆ ಎಕ್ಸ್‌ಪಿ ಅಂತ. ಓಡಿಸಿದರೂ, ಸೆರೆ ಹಿಡಿದರೂ ಅದು ಸೋಲೇ. ನಾನು ಮಾತ್ರ ಕೊಂದರಷ್ಟೇ ಬರೆದುಕೊಳ್ಳುತ್ತಿದ್ದೆ. "ಉತ್ತರ ಮುಂದಿನ ವಾರ ಹೇಳ್ತೀನಿ" ಅಂದು ಅವತ್ತು ಆಟ ಅಲ್ಲಿಗೇ ನಿಲ್ಲಿಸಿದೆ. ಈಗ ಬರೆಯುತ್ತಿರುವುದು ಆ ಉತ್ತರವನ್ನೇ. ನೀವೂ ಡಿಎಂ ಆಗಿದ್ದರೆ, ಆಗಬೇಕೆಂದಿದ್ದರೆ, ನಿಮ್ಮ ಮೇಜಿಗೆ ಹೊಂದುವಷ್ಟನ್ನು ತೆಗೆದುಕೊಳ್ಳಿ.

ಮೊದಲು ಅಂಕಿಗಳು ಹೇಗೆ ಕೂತಿವೆ ನೋಡಿಬಿಡೋಣ. ಐದನೇ ಆವೃತ್ತಿಯಲ್ಲಿ 2ನೇ ಲೆವೆಲ್‌ಗೆ 300 ಎಕ್ಸ್‌ಪಿ, 3ಕ್ಕೆ 900, 4ಕ್ಕೆ 2,700, 5ಕ್ಕೆ 6,500, 6ಕ್ಕೆ 14,000. ಕೊನೆಯ 20ನೇ ಲೆವೆಲ್‌ಗೆ 3,55,000. ಐದು ಜನರೂ 2ಕ್ಕೆ ಏರಬೇಕಾದರೆ ಒಟ್ಟು 1,500 ಬೇಕು, ಗಾಬ್ಲಿನ್ ಲೆಕ್ಕದಲ್ಲಿ ಮೂವತ್ತು. ಕಡಲೆಕಾಯಿಯಲ್ಲಿ ಒಂದು ಹಿಡಿ. ಮೊದಲ ಎರಡು ಮೆಟ್ಟಿಲು ಬೇಗ ಹತ್ತುವ ಹಾಗೆ, ಆಮೇಲಿನವು ನಿಧಾನವಾಗುವ ಹಾಗೆ ಇದನ್ನು ಕಟ್ಟಿದ್ದಾರೆ. ಎಕ್ಸ್‌ಪಿ ಬಿಟ್ಟರೂ ಈ ನಡಿಗೆಯನ್ನು ಬಿಡಬೇಡಿ. ನಾನು ಇಟ್ಟುಕೊಂಡಿರುವುದು: 2ಕ್ಕೆ ಒಂದು ಸೆಷನ್, 3ಕ್ಕೆ ಎರಡು, 4ಕ್ಕೆ ಮೂರು, ಆಮೇಲೆ ಪ್ರತಿ ಲೆವೆಲ್‌ಗೆ ಸುಮಾರು ನಾಲ್ಕು. ಹಬ್ಬ, ಮದುವೆ, ಪರೀಕ್ಷೆ ಎಲ್ಲ ಕಳೆದು ನಮ್ಮ ಪಾರ್ಟಿ 9ಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು.

ಯಾವುದಕ್ಕೆ ಅಂಕ ಕೊಡುತ್ತೀರೋ ಆಟಗಾರರು ಅದನ್ನೇ ಮಾಡುತ್ತಾರೆ. ಇದು ಹೊಸ ವಿಷಯವಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಎಕ್ಸ್‌ಪಿಯ ದೊಡ್ಡ ಪಾಲು ಬರುತ್ತಿದ್ದದ್ದು ನಿಧಿಯಿಂದ, ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಹಾಗಾಗಿ ಜಾಣರು ಹೊಡೆದಾಟ ತಪ್ಪಿಸಿಕೊಂಡು, ರಾಕ್ಷಸ ಮಲಗಿದ್ದಾಗ ಪೆಟ್ಟಿಗೆ ಹೊತ್ತು ಬರುತ್ತಿದ್ದರು. 1981ರ ಕಾಲ್ ಆಫ್ ಕ್ಥುಲ್ಹು ಅನ್ನುವ ಇನ್ನೊಂದು ಇಂಥ ಆಟದಲ್ಲಿ ಲೆವೆಲ್ ಅನ್ನುವುದೇ ಇಲ್ಲ. ಯಾವ ವಿದ್ಯೆಯನ್ನು ಸರಿಯಾಗಿ ಬಳಸಿದಿರೋ ಅದರ ಪಕ್ಕ ಒಂದು ಗುರುತು. ಆಮೇಲೆ ನೂರರ ದಾಳ ಉರುಳಿಸಿ, ಈಗಿರುವ ಅಂಕಕ್ಕಿಂತ ಜಾಸ್ತಿ ಬಿದ್ದರೆ ವಿದ್ಯೆ ಬೆಳೆಯುತ್ತದೆ. 30 ಇದ್ದವನಿಗೆ ಕಲಿಯುವ ಅವಕಾಶ ಬೇಕಾದಷ್ಟು, 80 ಇದ್ದವನಿಗೆ ಕಡಿಮೆ. ಕಲಿಕೆ ನಿಜವಾಗಿ ಹೀಗೇ ನಡೆಯುವುದಲ್ಲವೇ? ಡಂಜನ್ ವರ್ಲ್ಡ್ ಅನ್ನುವ ಆಟದಲ್ಲಿ ದಾಳ ಕೈಕೊಟ್ಟಾಗಲೇ ಒಂದು ಎಕ್ಸ್‌ಪಿ ಬರೆದುಕೊಳ್ಳಬೇಕು. ಅಲ್ಲಿ ಆಟಗಾರರು ಸೋಲಿಗೆ ಅಂಜುವುದಿಲ್ಲ. ನಿಮ್ಮ ಮೇಜಿನಲ್ಲಿ ಜನ ಎಂಥವರಾಗಬೇಕು ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಅಂಕ ಆಮೇಲೆ.

ಆ ವಾರ ತಮ್ಮನನ್ನು ಕರೆದುಕೊಂಡು ಬೇಗೂರಿಗೆ ಹೋಗಿದ್ದೆ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಒಂದಿದೆ, ಬೆಂಗಳೂರಿನ ಕಾಳಗದಲ್ಲಿ ಬಿದ್ದವನ ನೆನಪಿಗೆ ಬರೆಸಿದ್ದು. ಆಟಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ, ಸುಮ್ಮನೆ ಹೋದದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತು ವೀರಗಲ್ಲುಗಳ ಕಡೆ ತಿರುಗಿತು. ನಮ್ಮ ಕಡೆಯ ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತ, ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ. ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುವುದು. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರುವುದು. ತಮ್ಮ ಅಂದ, "ಲೆವೆಲ್ ಅಪ್ ಆದಂಗಿದೆ." ನನ್ನ ಹುಡುಕಾಟ ಅಲ್ಲಿಗೆ ಮುಗಿಯಿತು.

ನಮ್ಮ ಆಟಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಹಂತ ಮಾತ್ರ ಕೆತ್ತುತ್ತೇವೆ: ಕಾಳಗ ಆಯಿತು, ಅಂಕ ಬಂತು, ಹಾಳೆಯಲ್ಲಿ ಸಂಖ್ಯೆ ತಿದ್ದಿದೆವು. ಯಾರು ಎತ್ತಿಕೊಂಡು ಹೋದರು, ಎಲ್ಲಿ ಹೋಗಿ ಕೂತ, ಎರಡೂ ಖಾಲಿ. ಈಗ ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಪಾತ್ರಕ್ಕೂ ಪ್ರತಿ ಲೆವೆಲ್‌ಗೂ ಒಂದು ಪುಟ, ಪುಟಕ್ಕೆ ಎರಡು ಅಡ್ಡಗೆರೆ, ಮೂರು ಹಂತ. ಮೂರೂ ತುಂಬದೆ ಲೆವೆಲ್ ಕೊಡುವುದಿಲ್ಲ.

ಕೆಳಗಿನ ಹಂತ ಸುಲಭ. ಅಲ್ಲಿ ಕಾಳಗವೇ ಇರಬೇಕೆಂದಿಲ್ಲ. ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು, ಅಷ್ಟೆ. ಬಾವಿಯ ಬೀಗ ಬಿತ್ತೇ? ಕೆರೆ ಏರಿ ಒಡೆದವರು ಯಾರು? ಗೆದ್ದರೂ ಸೋತರೂ ಪ್ರಶ್ನೆ ಮುಗಿದರೆ ಸಾಕು. ಇದನ್ನೇ ಮೈಲ್‌ಸ್ಟೋನ್ ಪದ್ಧತಿ ಅನ್ನುತ್ತಾರೆ. ಆದರೆ ಅದರಲ್ಲಿ ಒಂದು ತೊಡಕಿದೆ: ಡಿಎಂ ಮನಸ್ಸಿನಲ್ಲೇ ಎಲ್ಲ ಇಟ್ಟುಕೊಂಡರೆ ಆಟಗಾರರಿಗೆ ಇನ್ನೆಷ್ಟು ದೂರ ಅಂತ ತಿಳಿಯುವುದಿಲ್ಲ. ಅದಕ್ಕೆ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇನೆ. "ರಾತ್ರಿ ಹೊತ್ತು ಕೆರೆಯ ನೀರು ಕುಡಿಯುತ್ತಿರುವುದು ಏನು?" ಈ ಚೀಟಿ ನಾಲ್ಕು ತಿಂಗಳು ನಮ್ಮ ಗೋಡೆಯ ಮೇಲಿತ್ತು, ಅಮ್ಮನೂ ಒಂದೆರಡು ಊಹೆ ಹೇಳಿದ್ದರು.

ನಡುವಿನ ಹಂತವೇ ಕಷ್ಟ, ಅದಕ್ಕೇ ಜಾಸ್ತಿ ಹೊತ್ತು ಕೊಡಬೇಕು. ಹೊಸ ಶಕ್ತಿ ಪಾತ್ರಕ್ಕೆ ಎಲ್ಲಿಂದ ಬಂತು, ಯಾರು ಕೊಟ್ಟರು?

ಭೈರನ ಉದಾಹರಣೆ ಹೇಳುತ್ತೇನೆ. 5ನೇ ಲೆವೆಲ್‌ನಲ್ಲಿ ಫೈಟರ್‌ಗೆ ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯುವ ಶಕ್ತಿ ಬರುತ್ತದೆ. ಇದು ಪುಸ್ತಕದಲ್ಲಿ ಇದೆ, ತಮ್ಮನಿಗೂ ಗೊತ್ತು, ನನಗೂ ಗೊತ್ತು. ಗೊತ್ತಿರುವುದೇ ಅನುಕೂಲ. 3ನೇ ಲೆವೆಲ್‌ನಲ್ಲೇ ಅದರ ಬೀಜ ಹಾಕಿದೆ. ಕೋಟೆಯ ಹೊರಗೆ ಒಂದು ಹಳೆಯ ಗರಡಿ ಮನೆ, ಅಲ್ಲಿ ಮುದುಕ ವಸ್ತಾದ್ ಒಬ್ಬ. ಭೈರನ ಒಂದು ಹೊಡೆತ ನೋಡಿ, "ಹೊಡೆದ ಮೇಲೆ ನಿಂತು ನೋಡ್ತೀಯಲ್ಲ, ಯಾರಿಗೆ ಕಾಯ್ತಿದ್ದೀಯ?" ಅಂದ. ಅಷ್ಟೆ, ಇನ್ನೇನೂ ಹೇಳಲಿಲ್ಲ. ಗರಡಿಯಲ್ಲಿ ಒಂದು ಪಟ್ಟು ಮೈಗೆ ಹತ್ತುವ ತನಕ ಇನ್ನೊಂದನ್ನು ಹೇಳಿಕೊಡುವುದಿಲ್ಲ. 4ನೇ ಲೆವೆಲ್ ಇಡೀ ಭೈರ ಬೆಳಗಿನ ಜಾವ ಎದ್ದು ಗರಡಿಯ ಕೆಮ್ಮಣ್ಣು ಹದ ಮಾಡಬೇಕು ಅನ್ನುವ ಕರಾರು ಹಾಕಿದೆ. ತಮ್ಮ ಪ್ರತಿ ಸೆಷನ್ ಶುರುವಿನಲ್ಲಿ ಒಂದೊಂದು ವಾಕ್ಯ ಹೇಳುತ್ತಿದ್ದ, ಇವತ್ತು ಮಣ್ಣಿಗೆ ಮಜ್ಜಿಗೆ ಹಾಕಿದೆ, ಇವತ್ತು ಎಣ್ಣೆ ಹಾಕಿದೆ ಅಂತ. ಎರಡನೇ ಹೊಡೆತ ಬಂದ ದಿನ ಅವನು ಹಾಳೆಯಲ್ಲಿ ಏನನ್ನೂ ತಿದ್ದುವ ಮೊದಲೇ ಎದ್ದು ನಿಂತು, ಹೊಡೆದು, ನಿಲ್ಲದೆ ಮತ್ತೆ ಹೊಡೆದು ತೋರಿಸಿದ. ಅವತ್ತು ಕೆಳಗಿನ ಮನೆಯವರು ಬಾಗಿಲು ತಟ್ಟಿದರು.

ಇದಕ್ಕೆ ಬೇಕಾದ ತಯಾರಿ ಒಂದೇ. ಎರಡು ಲೆವೆಲ್ ಮುಂಚೆಯೇ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೇಳಿ: ಮುಂದೆ ಏನು ತಗೊಳ್ಳಬೇಕು ಅಂತಿದ್ದೀಯ? ಯಾರ ಹತ್ತಿರ ಕಲಿತರೆ ಚೆನ್ನ? ಫೋನಿನಲ್ಲಿ ಹತ್ತು ನಿಮಿಷ ಸಾಕು. ಅವರು ಹೇಳಿದ್ದನ್ನು ಹಾಗೇ ಇಡಬೇಡಿ, ಸ್ವಲ್ಪ ಓರೆ ಮಾಡಿ ಇಡಿ. ತಮ್ಮ ಕೇಳಿದ್ದು ದೊಡ್ಡ ಸೇನಾಪತಿಯನ್ನು, ಕೊಟ್ಟದ್ದು ಹಲ್ಲಿಲ್ಲದ ವಸ್ತಾದನ್ನು.

3ನೇ ಲೆವೆಲ್‌ಗೆ ವಿಶೇಷ ಗಮನ ಕೊಡಿ. ಹೆಚ್ಚಿನ ವರ್ಗಗಳು, ಅಂದರೆ ಫೈಟರ್‌ನಂಥ ಪಾತ್ರದ ಬಗೆಗಳು, ತಮ್ಮ ದಾರಿ ಆರಿಸಿಕೊಳ್ಳುವುದು ಅಲ್ಲೇ. 2014ರ ಪುಸ್ತಕದಲ್ಲಿ ಕ್ಲೆರಿಕ್‌ಗೆ (ದೈವಬಲದಿಂದ ಮಂತ್ರ ಹಾಕುವವರು) 1ರಲ್ಲಿ, ವಿಜರ್ಡ್‌ಗೆ (ಮಂತ್ರವಾದಿ) 2ರಲ್ಲಿ ಆಗುತ್ತಿತ್ತು, 2024ರ ಪರಿಷ್ಕರಣೆಯಲ್ಲಿ ಎಲ್ಲರಿಗೂ 3ಕ್ಕೇ ತಂದಿದ್ದಾರೆ. ಪ್ಯಾಲಡಿನ್, ಅಂದರೆ ವ್ರತ ಹಿಡಿದ ಯೋಧ, ತನ್ನ ಪ್ರತಿಜ್ಞೆ ಮಾಡುವುದೂ 3ರಲ್ಲೇ. ನಮ್ಮಲ್ಲಿ ಪ್ಯಾಲಡಿನ್ ಆಡುವವನು ಕುಂದಾಪುರದ ಗೆಳೆಯ. ಪುಸ್ತಕದ ಪ್ರತಿಜ್ಞೆ ಓದಿ ಹೇಳಲು ಅವನಿಗೆ ಮನಸ್ಸಿಲ್ಲ. "ಭಾಷೆ ಕೊಡುದಂದ್ರೆ ಯಾರಿಗಾದ್ರೂ ಕೊಡ್ಕಲ್ಲ ಮಾರಾಯ್ತಿ, ಗಾಳಿಗೆ ಕೊಡುದಾ?" ಅಂದ. ಅದು ಸರಿಯೇ. ಕನ್ನಡದಲ್ಲಿ ಭಾಷೆ ಕೊಡಬೇಕಾದರೆ ತೆಗೆದುಕೊಳ್ಳುವವರು ಒಬ್ಬರು ಎದುರಿಗಿರಬೇಕು. ಹಾಗಾಗಿ ಅವನು ಪಕ್ಕದಲ್ಲಿ ಕೂತಿದ್ದ ನಮ್ಮ ಕ್ಲೆರಿಕ್ ಚೆನ್ನವ್ವನ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟ: ಈ ಕೆರೆಯ ನೀರು ಕೊನೆಯ ಮನೆಗೆ ಸೇರುವ ತನಕ ನಾನು ಕುಡಿಯುವುದಿಲ್ಲ. ಅವತ್ತಿನಿಂದ ಆ ಪಾತ್ರ ಕೆರೆ ನೀರು ಮುಟ್ಟಿಲ್ಲ. ಎಳನೀರು ಹುಡುಕಿಕೊಂಡು ಹೋಗುವುದೇ ಅವನ ಒಂದು ಉಪಕಥೆ.

ಮೇಲಿನ ಹಂತ, ಸನ್ನಿಧಿ. ಅಂದರೆ ಊರು ಅವನನ್ನು ಈಗ ಹೇಗೆ ನೋಡುತ್ತದೆ. ಅಂಕಿ ಬದಲಾದದ್ದು ಆಟಗಾರನಿಗೆ ಮಾತ್ರ ಕಾಣುತ್ತದೆ, ಊರಿನವರಿಗೆ ಕಾಣುವಂಥದ್ದು ಏನಾದರೂ ಇರಲಿ. 1974ರ ಪುಸ್ತಕದಲ್ಲಿ ಪ್ರತಿ ಲೆವೆಲ್‌ಗೂ ಒಂದು ಬಿರುದು ಇತ್ತು, 4ನೇ ಲೆವೆಲ್‌ನ ಹೋರಾಟಗಾರನಿಗೆ ಹೀರೋ, 8ನೆಯದಕ್ಕೆ ಸೂಪರ್‌ಹೀರೋ. ಈ ಪದ್ಧತಿ ಕೈಬಿಟ್ಟದ್ದು ನನಗೆ ಈಗಲೂ ಬೇಸರ. ನಮ್ಮ ಕ್ಯಾಂಪೇನ್‌ನಲ್ಲಿ ಮತ್ತೆ ತಂದಿದ್ದೇನೆ. ಭೈರ ಮೊದಲು ಆಳು, 3ಕ್ಕೆ ಬಂಟ, 5ಕ್ಕೆ ತಳವಾರ, 9ಕ್ಕೆ ನಾಯಕ. ಬಿರುದು ಕೊಡುವುದು ನಾನಲ್ಲ, ಊರಿನ ಯಾರೋ ಒಬ್ಬರು ಮಾತಿನ ನಡುವೆ ಹಾಗೆ ಕರೆಯುತ್ತಾರೆ. ಹೂವಿನವಳು "ತಳವಾರಪ್ಪ, ದುಡ್ಡು ಬ್ಯಾಡ ಬುಡಿ" ಅಂದಾಗ ತಮ್ಮನ ಮುಖ ನೋಡಬೇಕಿತ್ತು.

ಇನ್ನು ಚೆನ್ನವ್ವ. ಇವಳ ವಿಷಯ ಬೇರೆಯಾಗಿ ಹೇಳಬೇಕು, ಯಾಕೆಂದರೆ ಇಡೀ ಕಥೆಯ ಅಳತೆ ನಾನು ಕಲಿತದ್ದು ಇವಳಿಂದ. ಚೆನ್ನವ್ವ ಕ್ಲೆರಿಕ್, ನೀರುಗಂಟಿಯ ಮಗಳು. ಕೆರೆಯ ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚುವವನು ನೀರುಗಂಟಿ. ಮಹಡಿ ಮನೆಯ ಕಾಲೇಜು ಹುಡುಗಿ ಇವಳನ್ನು ಆಡುವುದು. ನಮ್ಮ ಕಥೆಯ ಊರು ಹಳೆಯ ಬೆಂಗಳೂರಿನ ನೆರಳು: ಸುತ್ತ ಕೆರೆಗಳು, ಕೆಂಪೇಗೌಡರ ಗೋಪುರಗಳ ಹಾಗೆ ನಾಲ್ಕು ಗಡಿ ಗೋಪುರ. ಸಮಸ್ಯೆ ನೀರು. ಹೀಗಿರುವಾಗ 1ನೇ ಲೆವೆಲ್ ಕ್ಲೆರಿಕ್ ಬರಿಗೈಯಲ್ಲಿ ನೀರು ಸೃಷ್ಟಿಸಬಲ್ಲಳು ಅನ್ನುವುದು ನನಗೆ ಮೊದಲ ದಿನವೇ ಎದುರಾಯಿತು. ಎಷ್ಟು? ಹತ್ತು ಗ್ಯಾಲನ್, ಸುಮಾರು 38 ಲೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಕೊಡ. ಆ ಮಂತ್ರವನ್ನು ನಿಷೇಧಿಸುವ ಯೋಚನೆ ಬಂದಿತ್ತು. ಮಾಡಲಿಲ್ಲ. ಎರಡೂವರೆ ಕೊಡ ಒಂದು ಮನೆಗೆ ಸಾಕು, ಬೀದಿಗೆ ಸಾಲದು. ಹಾಗಾಗಿ ಮೊದಲ ಪ್ರಶ್ನೆ: ಬೀದಿಯಲ್ಲಿ ಯಾವ ಮನೆಗೆ? ಆ ಹುಡುಗಿ ಅರ್ಧ ಗಂಟೆ ಯೋಚಿಸಿ ಬಾಣಂತಿ ಇದ್ದ ಮನೆ ಆರಿಸಿದಳು.

7ನೇ ಲೆವೆಲ್‌ನಲ್ಲಿ ಅದೇ ಕ್ಲೆರಿಕ್‌ಗೆ ನೂರು ಅಡಿ ಉದ್ದ, ಅಗಲ, ಆಳದಷ್ಟು ನೀರನ್ನು ಹೇಳಿದ ಹಾಗೆ ಕೇಳಿಸುವ ಮಂತ್ರ ಬರುತ್ತದೆ. 15ರಲ್ಲಿ ಸುತ್ತ ಐದು ಮೈಲಿಯ ಹವೆಯನ್ನೇ ಬದಲಾಯಿಸಬಹುದು, ಅಂದರೆ ಮಳೆ. ಈ ಏಣಿಯನ್ನೇ ಕಥೆಯ ಏಣಿ ಮಾಡಿಕೊಂಡೆ. ಆಟದ ಪುಸ್ತಕ ಲೆವೆಲ್‌ಗಳನ್ನು 1ರಿಂದ 4, 5ರಿಂದ 10, 11ರಿಂದ 16, 17ರಿಂದ 20 ಅಂತ ನಾಲ್ಕು ಗುಂಪು ಮಾಡಿ, ಮೊದಲ ಗುಂಪಿನವರು ಒಂದು ಊರಿನ ಆಪದ್ಬಾಂಧವರು, ಕೊನೆಯವರು ಲೋಕದ ಹಣೆಬರಹ ತಿದ್ದುವವರು ಅನ್ನುತ್ತದೆ. ನನ್ನ ಅನುವು: 4ರ ತನಕ ಬಾವಿ, 10ರ ತನಕ ಕೆರೆ ಮತ್ತು ರಾಜಕಾಲುವೆ, 16ರ ತನಕ ನದಿ, ಆಮೇಲೆ ಮುಗಿಲು. ಬೆಂಗಳೂರಿನ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ನಾವಿರುವುದು ಏಣು ನೆಲದ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. 11ನೇ ಲೆವೆಲ್‌ಗೆ ನಾನು ಇಟ್ಟಿರುವ ಪ್ರಶ್ನೆ ಅದೇ: ಒಂದೇ ಮಳೆಯನ್ನು ಯಾವ ಕಡೆಗೆ ಇಳಿಸುತ್ತೀರಿ? (ಇದನ್ನು ನಮ್ಮ ಆಟಗಾರರು ಓದಿದರೆ ಓದಲಿ. ಉತ್ತರ ಹೇಗೂ ಅವರೇ ಕೊಡಬೇಕು.)

ನಿಮ್ಮ ಕಥೆ ನೀರಿನದ್ದಲ್ಲದಿದ್ದರೂ ಮಾಡುವ ಕ್ರಮ ಇದೇ. ಪಾತ್ರಗಳ ಹಾಳೆ ಬಿಚ್ಚಿ, ಮುಂದಿನ ನಾಲ್ಕು ಲೆವೆಲ್‌ನಲ್ಲಿ ಬರುವ ಶಕ್ತಿಗಳನ್ನು ಓದಿ, ಸಮಸ್ಯೆಯನ್ನು ಅವರ ಕೈಗಿಂತ ಒಂದು ಗೇಣು ಮೇಲೆ ಇಡಿ. ಮುಖ್ಯವಾಗಿ 5ನೇ ಲೆವೆಲ್ ಹತ್ತಿರ ಬಂದಾಗ ಎಚ್ಚರ. ವಿಜರ್ಡ್ ಕೈಗೆ ಫೈರ್‌ಬಾಲ್ ಬರುತ್ತದೆ: ಆರು ಮುಖದ ಎಂಟು ದಾಳ, ಸರಾಸರಿ 28 ಪೆಟ್ಟು. ಗಾಬ್ಲಿನ್‌ನ ಜೀವದ ಅಂಕ 7, ಅಷ್ಟು ಪೆಟ್ಟು ಬಿದ್ದರೆ ಮುಗಿಯಿತು. ಒಂದು ಸಲ ಉಫ್ ಅಂದರೆ ಇಡೀ ಕಡಲೆಕಾಯಿ ಗುಂಪು ಮಾಯ. ಅದೇ ಲೆವೆಲ್‌ನಲ್ಲಿ ಕ್ಲೆರಿಕ್‌ಗೆ, ಸತ್ತು ಒಂದು ನಿಮಿಷ ಕಳೆಯದವರನ್ನು 300 ಚಿನ್ನದ ಬೆಲೆಯ ವಜ್ರ ಕೊಟ್ಟು ಎಬ್ಬಿಸುವ ಮಂತ್ರ ಸಿಗುತ್ತದೆ. ಅಲ್ಲಿಂದ ಮುಂದೆ ಸಾವು ಅಂದರೆ ದುಡ್ಡಿನ ಪ್ರಶ್ನೆ. ನಮ್ಮ ಊರಿನಲ್ಲಿ ಅಂಥ ವಜ್ರ ಒಂದೇ ಇದೆ, ಗುಡಿಯ ದೇವಿಯ ಮೂಗುಬಟ್ಟಿನಲ್ಲಿ. ಕೇಳಿದರೆ ಪೂಜಾರಿ ಇಲ್ಲ ಅನ್ನುವುದಿಲ್ಲ, ಆದರೆ ಊರೆಲ್ಲ ನೋಡುತ್ತಿರುತ್ತದೆ.

ಚಿಕ್ಕಪುಟ್ಟ ವಿಷಯ ಒಂದೆರಡು. ಲೆವೆಲ್ ಬಂತು ಅನ್ನುವುದನ್ನು ಸೆಷನ್ ಕೊನೆಯಲ್ಲಿ ಹೇಳಿ, ಹಾಳೆ ತುಂಬುವ ಕೆಲಸ ಮನೆಯಲ್ಲಿ ಮಾಡಲಿ. ಜೀವದ ಅಂಕಕ್ಕೆ ದಾಳ ಮಾತ್ರ ಎಲ್ಲರೆದುರು ಉರುಳಿಸಲಿ, ಆ ಕೂಗಾಟ ತಪ್ಪಿಸಬಾರದು. ಬರಲಾಗದವರನ್ನು ಹಿಂದೆ ಬಿಡಬೇಡಿ, ಇಡೀ ಪಾರ್ಟಿ ಒಂದೇ ಲೆವೆಲ್‌ನಲ್ಲಿರಲಿ. ರಾತ್ರಿ ಪಾಳಿ ಇದ್ದದ್ದಕ್ಕೆ ಒಬ್ಬರ ಪಾತ್ರ ಕುಂಟುವುದು ನ್ಯಾಯವಲ್ಲ. ಪಾತ್ರ ಸತ್ತರೆ ಹೊಸ ಪಾತ್ರವೂ ಅದೇ ಲೆವೆಲ್‌ಗೆ ಬರಲಿ. ಸತ್ತವನ ಹಾಳೆ ಹರಿಯದೆ ಅದರ ಹಿಂದೆ ಮೂರು ಹಂತ ಬರೆದು ಇಟ್ಟುಕೊಳ್ಳಿ.

ಆ ಕಾವಲುಗಾರನ ವಿಷಯ ಬಾಕಿ ಇದೆ. ಮುಂದಿನ ಭಾನುವಾರ ತಮ್ಮನಿಗೆ ಹೇಳಿದೆ: ಇಪ್ಪತ್ತೈದು ಹೋಗುವುದಿಲ್ಲ, ಇನ್ನು ಮುಂದೆ ಖಾತೆ ಪುಸ್ತಕವೇ ಇಲ್ಲ. ಭೈರ ಅವನನ್ನು ಬಿಟ್ಟ. ಹೆಸರು ಕೇಳಿದ. ನಾನು ಹೆಸರು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದು ತಿಮ್ಮ. ಗರಡಿಯ ದಾರಿ ತೋರಿಸಿದವನು ಇದೇ ತಿಮ್ಮ, ವಸ್ತಾದ್ ಅವನ ತಾತ. ಏರಿ ಒಡೆದ ರಾತ್ರಿ ಭೈರ ಪ್ರಜ್ಞೆ ತಪ್ಪಿ ನೀರಿಗೆ ಬಿದ್ದಾಗ ಹೆಗಲ ಮೇಲೆ ಹೊತ್ತು ಕೋಡಿ ದಾಟಿಸಿದವನೂ ಅವನೇ. ಅವನಿಗೆ ಲೆವೆಲ್ ಇಲ್ಲ, ಈಗಲೂ ಅದೇ 11 ಜೀವ.

ಕಳೆದ ಭಾನುವಾರ ಭೈರ 9ಕ್ಕೆ ಏರಿದ. ನೋಟ್‌ಬುಕ್ಕಿನ ಪುಟ ತಮ್ಮನ ಕೈಗೇ ಕೊಟ್ಟು ನೀನೇ ತುಂಬು ಅಂದೆ. ಕೆಳಗಿನ ಹಂತದಲ್ಲಿ ಒಡೆದ ಏರಿ, ಮೇಲೆ ಚಾವಡಿಯ ಕಟ್ಟೆ ಬರೆದ. ನಡುವೆ ಅಪ್ಸರೆಯರ ಜಾಗದಲ್ಲಿ ಒಬ್ಬನೇ ನಿಂತಿದ್ದ, ತಲೆಗೆ ಟವೆಲ್ ಸುತ್ತಿಕೊಂಡು, ಸೊಂಟಕ್ಕೆ ಸಾಹುಕಾರನ ಬಾವಿಯ ಬೀಗದ ಕೈ ಕಟ್ಟಿಕೊಂಡು.